ನರಕೋಶಗಳ ಚಿತ್ರ ಬರೆದ ಕಹಾಲ್

ಮಕ್ಕಳೇ, ಪುತ್ತೂರಿನಿಂದ ಸುಳ್ಯದ ಕಡೆಗೆ ಹೋಗುವಾಗ ಕುಂಬ್ರ ಎಂಬ ಊರು ಸಿಗುತ್ತದೆ. ಸುತ್ತಲೂ ಅಡಿಕೆ ತೋಟಗಳು. ಗುಡ್ಡದ ಮೇಲೆ ನಿಂತು ನೋಡಿದರೆ ತೋಟವೆಲ್ಲ ಒಂದೇ ಹಸಿರು ಚಪ್ಪರದಂತೆ ಕಾಣುತ್ತದೆ. ಯಾವ ಸೋಗೆ ಯಾವ ಮರದ್ದು ಎಂದು ಹೇಳುವುದು ಕಷ್ಟ. ಆದರೆ ತೋಟಕ್ಕೆ ಇಳಿದು ನೋಡಿ. ಪ್ರತಿಯೊಂದು ಮರವೂ ತನ್ನದೇ ಬೇರಿನ ಮೇಲೆ ಬೇರೆಬೇರೆಯಾಗಿ ನಿಂತಿರುತ್ತದೆ!

1880ರ ದಶಕದಲ್ಲಿ ವಿಜ್ಞಾನಿಗಳಿಗೆ ಮಿದುಳಿನ ಬಗ್ಗೆ ಇಂಥದೇ ಪ್ರಶ್ನೆ ಎದುರಾಗಿತ್ತು. ಮಿದುಳು ಒಂದಕ್ಕೊಂದು ಬೆಸೆದುಕೊಂಡ ಎಳೆಗಳ ಒಂದೇ ಬಲೆಯೇ? ಅಥವಾ ಬಿಡಿಬಿಡಿಯಾದ ಜೀವಕೋಶಗಳ ತೋಟವೇ? ಹೆಚ್ಚಿನವರು ಬಲೆ ಎಂದೇ ನಂಬಿದ್ದರು. ಅದು ತೋಟ ಎಂದು ತೋರಿಸಿಕೊಟ್ಟವರು ಸ್ಪೇನ್ ದೇಶದ ಸಾಂತಿಯಾಗೊ ರಮೋನ್ ಇ ಕಹಾಲ್. ಬನ್ನಿ, ಅವರ ಕಥೆ ತಿಳಿಯೋಣ.

ತುಂಟ ಹುಡುಗ

ಕಹಾಲ್ ಹುಟ್ಟಿದ್ದು 1852ರ ಮೇ 1ರಂದು, ಪೆಟಿಯಾ ಎಂಬ ಸಣ್ಣ ಗುಡ್ಡಗಾಡಿನ ಹಳ್ಳಿಯಲ್ಲಿ. ತಂದೆ ಬಡತನದಿಂದ ಕಷ್ಟಪಟ್ಟು ಮೇಲೆ ಬಂದ ವೈದ್ಯರು. ಮಗನೂ ವೈದ್ಯನಾಗಬೇಕೆಂಬುದು ಅವರ ಹಟ. ಮಗನಿಗೋ ಚಿತ್ರ ಬರೆಯುವ ಹುಚ್ಚು. ಗೋಡೆ, ಬಾಗಿಲು, ಪುಸ್ತಕದ ಅಂಚು ಯಾವುದನ್ನೂ ಬಿಡುತ್ತಿರಲಿಲ್ಲ. ತಂದೆ ಒಮ್ಮೆ ಅವನ ಚಿತ್ರವನ್ನು ಚರ್ಚಿನ ಗೋಡೆಗೆ ಬಣ್ಣ ಬಳಿಯಲು ಬಂದಿದ್ದವನಿಗೆ ತೋರಿಸಿದರು. ಇವನಿಗೆ ಚಿತ್ರಕಲೆ ಒಲಿಯದು ಎಂದು ಆತ ಹೇಳಿಬಿಟ್ಟ. ಅಲ್ಲಿಗೆ ಮನೆಯಲ್ಲಿ ಚಿತ್ರ ಬರೆಯುವುದಕ್ಕೆ ತಡೆ ಬಿತ್ತು. ಹುಡುಗ ಕದ್ದುಮುಚ್ಚಿ ಬರೆಯತೊಡಗಿದ.

ಶಾಲೆಯಲ್ಲಿ ಬಾಯಿಪಾಠವೇ ಪಾಠ. ತಪ್ಪಿದರೆ ಬೆತ್ತದ ಏಟು. ಹುಡುಗನಿಗೆ ಅದು ಹಿಡಿಸಲಿಲ್ಲ. ಹನ್ನೊಂದರ ಪ್ರಾಯದಲ್ಲಿ ಮರದ ದಿಮ್ಮಿಯಿಂದ ಫಿರಂಗಿ ಮಾಡಿ ನೆರೆಮನೆಯ ಗೇಟನ್ನೇ ಹಾರಿಸಿದ. ಅದಕ್ಕಾಗಿ ಕೆಲವು ದಿನ ಊರ ಜೈಲಿನಲ್ಲಿ ಕೂರಬೇಕಾಯಿತು! ಬೇಸತ್ತ ತಂದೆ ಅವನನ್ನು ಒಮ್ಮೆ ಕ್ಷೌರದ ಅಂಗಡಿಗೆ, ಇನ್ನೊಮ್ಮೆ ಚಪ್ಪಲಿ ಹೊಲಿಯುವವನ ಬಳಿಗೆ ಕೆಲಸ ಕಲಿಯಲು ಕಳಿಸಿದರು.

ಮೂಳೆ ತೋರಿಸಿದ ದಾರಿ

1868ರ ಬೇಸಿಗೆಯಲ್ಲಿ ಎಲ್ಲವೂ ಬದಲಾಯಿತು. ತಂದೆ ಹದಿನಾರು ವರ್ಷದ ಮಗನನ್ನು ಹಳೆಯ ಸ್ಮಶಾನಕ್ಕೆ ಕರೆದೊಯ್ದರು. ಮಣ್ಣಿನಿಂದ ಹೊರಬಿದ್ದಿದ್ದ ಮೂಳೆಗಳನ್ನು ಇಬ್ಬರೂ ಆರಿಸಿ ತಂದರು. ತಂದೆ ಒಂದೊಂದು ಮೂಳೆಯನ್ನೂ ಕೈಗಿತ್ತು ವಿವರಿಸಿದರು. ಮಗ ಒಂದೊಂದನ್ನೂ ನೋಡಿ ಚಿತ್ರ ಬರೆದ. ಈ ಬಾರಿ ತಂದೆ ಬೇಡವೆನ್ನಲಿಲ್ಲ. ತಡೆದಿದ್ದ ವಿದ್ಯೆಯೇ ಮಗನನ್ನು ವೈದ್ಯಶಾಸ್ತ್ರದ ಕಡೆಗೆ ಎಳೆಯುತ್ತಿದೆ ಎಂದು ಅವರಿಗೆ ತಿಳಿಯಿತು.

ಆಗ ನರವಿಜ್ಞಾನ ಎಂಬ ಪದವಿ ಇರಲಿಲ್ಲ. ಕಹಾಲ್ ಸಾರಗೋಸಾ ನಗರದಲ್ಲಿ ವೈದ್ಯಕೀಯ ಪದವಿಗೆ ಸೇರಿದರು. ಅಲ್ಲಿ ಶವ ಕೊಯ್ದು ದೇಹದ ರಚನೆ ಕಲಿಸುತ್ತಿದ್ದವರು ಅವರ ತಂದೆಯೇ. 1873ರಲ್ಲಿ ಪದವಿ ಕೈಸೇರಿತು. ಮರುವರ್ಷ ಸೇನೆಯ ವೈದ್ಯರಾಗಿ ಕಡಲಾಚೆಯ ಕ್ಯೂಬಾಕ್ಕೆ ಹೋದರು. ಜೌಗು ನೆಲದ ಶಿಬಿರದಲ್ಲಿ ಮಲೇರಿಯ ತಗಲಿತು. ಜೀವ ಉಳಿದದ್ದೇ ಹೆಚ್ಚು. 1875ರಲ್ಲಿ ಸೊರಗಿದ ದೇಹದೊಂದಿಗೆ ಊರಿಗೆ ಮರಳಿದರು.

1877ರಲ್ಲಿ ಪರೀಕ್ಷೆಗೆಂದು ಮ್ಯಾಡ್ರಿಡ್ ನಗರಕ್ಕೆ ಹೋದಾಗ ಸೂಕ್ಷ್ಮದರ್ಶಕದಲ್ಲಿ ಕಾಣುವ ಲೋಕ ಅವರನ್ನು ಸೆಳೆಯಿತು. ತಮ್ಮದೇ ಹಣ ಕೊಟ್ಟು ಒಂದು ಸೂಕ್ಷ್ಮದರ್ಶಕ ಕೊಂಡು, ಮನೆಯ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡರು.

ಕಪ್ಪು ಬಣ್ಣದ ಗುಟ್ಟು

ಮಿದುಳಿನ ತೆಳು ಬಿಲ್ಲೆಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಏನೂ ಬಿಡಿಸಿ ಕಾಣದು. ಕೋಶಗಳು ಅಷ್ಟು ಒತ್ತಾಗಿರುತ್ತವೆ. ಬಣ್ಣ ಹಾಕಿದರೆ ಎಲ್ಲಕ್ಕೂ ಬಣ್ಣ ಹಿಡಿದು ಮತ್ತೆ ಗೋಜಲು. ಇಟಲಿಯ ಕ್ಯಾಮಿಲ್ಲೊ ಗಾಲ್ಜಿ 1873ರಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದಿದ್ದರು. ಮಿದುಳಿನ ತುಂಡನ್ನು ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣದಲ್ಲಿ ನೆನೆಸಿ, ಆಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಇಡುವುದು. ಆಗ ನೂರರಲ್ಲಿ ಕೆಲವೇ ಕೆಲವು ನರಕೋಶಗಳು ಮಾತ್ರ ಬುಡದಿಂದ ತುದಿಯವರೆಗೆ ಕಪ್ಪಾಗುತ್ತವೆ. ಉಳಿದವು ಕಾಣುವುದೇ ಇಲ್ಲ. ದೊಡ್ಡ ತೋಟದಲ್ಲಿ ನಾಲ್ಕೇ ಮರ ಉಳಿದು ಬೇರೆಲ್ಲ ಮಾಯವಾದಂತೆ!

ಆದರೆ ಈ ವಿಧಾನ ಒಮ್ಮೆ ಫಲಿಸಿದರೆ ಇನ್ನೊಮ್ಮೆ ಕೈಕೊಡುತ್ತಿತ್ತು. ಅದಕ್ಕೇ ಹೆಚ್ಚಿನವರು ಅದನ್ನು ಕೈಬಿಟ್ಟಿದ್ದರು. ಕಹಾಲ್ 1887ರಲ್ಲಿ ಗೆಳೆಯರೊಬ್ಬರ ಬಳಿ ಇಂಥ ಬಿಲ್ಲೆಗಳನ್ನು ನೋಡಿ ಬೆರಗಾದರು. ಅವರು ಮಾಡಿದ್ದು ಎರಡು ಬದಲಾವಣೆ. ಒಂದು, ತುಂಡನ್ನು ಎರಡೆರಡು ಬಾರಿ ನೆನೆಸಿದರು. ಇನ್ನೊಂದು, ಬೆಳೆದ ಪ್ರಾಣಿಯ ಬದಲು ಮೊಟ್ಟೆಯೊಳಗಿನ ಮರಿ ಮತ್ತು ಎಳೆಯ ಪ್ರಾಣಿಗಳನ್ನು ಆರಿಸಿಕೊಂಡರು. ಎಳೆಯ ನರಗಳ ಮೇಲೆ ಕೊಬ್ಬಿನ ಹೊದಿಕೆ ಇನ್ನೂ ಬೆಳೆದಿರುವುದಿಲ್ಲ. ಹಾಗಾಗಿ ಬಣ್ಣ ಚೆನ್ನಾಗಿ ಹಿಡಿಯುತ್ತದೆ.

ಈಗ ಚಿತ್ರ ಸ್ಪಷ್ಟವಾಯಿತು. ಒಂದು ನರಕೋಶದ ಕೊಂಬೆಗಳು ಇನ್ನೊಂದರ ತೀರಾ ಹತ್ತಿರ ಬರುತ್ತವೆ, ಆದರೆ ಬೆಸೆದುಕೊಳ್ಳುವುದಿಲ್ಲ. ಕಹಾಲ್ ತಾವು ಕಂಡದ್ದನ್ನು ಮಸಿಯಲ್ಲಿ ಬರೆದಿಟ್ಟರು. ಅವರ ಸಾವಿರಾರು ಚಿತ್ರಗಳು ಇಂದಿಗೂ ಉಳಿದಿವೆ.

ಯಾರೂ ಓದದ ಪತ್ರಿಕೆ

ಕಂಡದ್ದನ್ನು ಜಗತ್ತಿಗೆ ತಿಳಿಸುವುದು ಹೇಗೆ? ಆಗ ವಿಜ್ಞಾನದ ಮಾತು ನಡೆಯುತ್ತಿದ್ದುದು ಜರ್ಮನ್, ಫ್ರೆಂಚ್, ಇಂಗ್ಲಿಷ್ ಭಾಷೆಗಳಲ್ಲಿ. ಸ್ಪೇನ್‌ನ ಭಾಷೆ ಓದುವ ವಿಜ್ಞಾನಿಗಳು ವಿರಳ. ಕಹಾಲ್ 1888ರಲ್ಲಿ ಸ್ವಂತ ಖರ್ಚಿನಲ್ಲಿ ಒಂದು ಪತ್ರಿಕೆ ಅಚ್ಚು ಹಾಕಿಸಿ ಹೊರದೇಶದ ವಿಜ್ಞಾನಿಗಳಿಗೆ ಕಳಿಸಿದರು. ಹೆಚ್ಚಿನವರು ಗಮನಿಸಲೇ ಇಲ್ಲ. ಮನೆಯಲ್ಲಿ ಮಕ್ಕಳು ಬೆಳೆಯುತ್ತಿದ್ದರು, ಸಂಬಳ ಸಣ್ಣದು.

ಕೊನೆಗೆ 1889ರಲ್ಲಿ ಸೂಕ್ಷ್ಮದರ್ಶಕವನ್ನೂ ಬಿಲ್ಲೆಗಳನ್ನೂ ಕಟ್ಟಿಕೊಂಡು ಬರ್ಲಿನ್ ನಗರದ ವಿಜ್ಞಾನಿಗಳ ಸಭೆಗೆ ತಾವೇ ಹೋದರು. ಹರಕುಮುರುಕು ಫ್ರೆಂಚ್‌ನಲ್ಲಿ ವಿವರಿಸುತ್ತಾ ಒಬ್ಬೊಬ್ಬರನ್ನೇ ಕರೆದು ತೋರಿಸಿದರು. ಹಿರಿಯ ವಿಜ್ಞಾನಿ ಕೋಲಿಕರ್ ಬಗ್ಗಿ ನೋಡಿದರು. ಎಪ್ಪತ್ತು ದಾಟಿದ್ದ ಅವರು ತಮ್ಮ ಹಳೆಯ ಅಭಿಪ್ರಾಯವನ್ನು ಬದಲಿಸಿಕೊಂಡರು. ಕಹಾಲ್ ಬರೆದದ್ದನ್ನು ಓದಲೆಂದೇ ಆ ವಯಸ್ಸಿನಲ್ಲಿ ಸ್ಪೇನ್‌ನ ಭಾಷೆ ಕಲಿತರು!

1906ರ ನೊಬೆಲ್ ಪ್ರಶಸ್ತಿಯನ್ನು ಗಾಲ್ಜಿ ಮತ್ತು ಕಹಾಲ್ ಹಂಚಿಕೊಂಡರು. ಸ್ವಾರಸ್ಯ ನೋಡಿ, ಪ್ರಶಸ್ತಿಯ ಭಾಷಣದಲ್ಲೂ ಗಾಲ್ಜಿ ಬಲೆಯ ವಾದವನ್ನು ಬಿಡಲಿಲ್ಲ. ಕಹಾಲ್ ಬಿಡಿಕೋಶಗಳ ಪರವಾಗಿಯೇ ಮಾತನಾಡಿದರು. ಗಾಲ್ಜಿಯ ಬಣ್ಣವಿಲ್ಲದೆ ಕಹಾಲ್‌ಗೆ ಏನೂ ಕಾಣುತ್ತಿರಲಿಲ್ಲ. ಅದೇ ಬಣ್ಣದಿಂದ ಗಾಲ್ಜಿಯ ವಾದವೇ ಬಿದ್ದುಹೋಯಿತು. ಕಹಾಲ್ 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ ತೀರಿಕೊಂಡರು.

ನರಕೋಶಗಳ ನಡುವಿನ ಸಂದು ಕಣ್ಣಿಗೆ ಕಂಡದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ. ಒಂದು ಮಿಲಿಮೀಟರನ್ನು 50,000 ಭಾಗ ಮಾಡಿದರೆ ಒಂದು ಭಾಗದಷ್ಟು ಅಗಲ! ಮರಗಳು ಬೇರೆಬೇರೆಯಾದರೆ ಸಂದೇಶ ದಾಟುವುದು ಹೇಗೆ? ಈಗ ಉದ್ದನೆಯ ದೋಟಿ ಬಂದಿದ್ದರೂ, ಹಿಂದೆ ಅಡಿಕೆ ಕೊಯ್ಯುವವರು ನೆಲಕ್ಕಿಳಿಯದೆ ಮರದ ತುದಿಯನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಿದ್ದುದನ್ನು ಅಜ್ಜನಲ್ಲಿ ಕೇಳಿ ತಿಳಿಯಿರಿ. ನರಕೋಶಗಳ ನಡುವೆ ಹೆಚ್ಚಿನ ಕಡೆ ಹಾಗೆ ದಾಟುವುದು ರಾಸಾಯನಿಕಗಳು. ನಮ್ಮ ಮಿದುಳಿನಲ್ಲಿ ಇಂಥ ನರಕೋಶಗಳು ಸುಮಾರು 8,600 ಕೋಟಿ!

ನೀವೂ ಕಲಿಯಬಹುದು

ಇಂದು ಹಲವು ದೇಶಗಳಲ್ಲಿ ನರವಿಜ್ಞಾನವನ್ನೇ ಪದವಿಗೆ ಓದಬಹುದು. ನಮ್ಮಲ್ಲಿ ಹೆಚ್ಚಿನವರು ಪಿಯುಸಿಯಲ್ಲಿ ವಿಜ್ಞಾನ ಓದಿ, ವೈದ್ಯಕೀಯ ಅಥವಾ ಬಿಎಸ್ಸಿ ಪದವಿ ಪಡೆದು ಆಮೇಲೆ ಈ ಕಡೆ ಬರುತ್ತಾರೆ. ಗಣಿತ, ಭೌತಶಾಸ್ತ್ರ, ಎಂಜಿನಿಯರಿಂಗ್ ಓದಿದವರೂ ಬರುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಲ್ಲಿ ನರವಿಜ್ಞಾನ ಕೇಂದ್ರ ಆರಂಭವಾಯಿತು. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಿದುಳಿನ ವಸ್ತುಸಂಗ್ರಹಾಲಯವಿದೆ. ಅಲ್ಲಿ ನಿಜವಾದ ಮನುಷ್ಯರ ಮಿದುಳುಗಳನ್ನು ನೋಡಬಹುದು.

ಅದಕ್ಕೆ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಒಂದು ಎಲೆಯನ್ನು ಹತ್ತು ನಿಮಿಷ ಗಮನವಿಟ್ಟು ನೋಡಿ. ಬಳಿಕ ಎಲೆಯನ್ನು ಮುಚ್ಚಿಟ್ಟು ನೆನಪಿನಿಂದ ಅದರ ನರಗಳನ್ನು ಬರೆಯಿರಿ. ಆಮೇಲೆ ಎಲೆಯ ಪಕ್ಕದಲ್ಲಿಟ್ಟು ಹೋಲಿಸಿ. ಎಲ್ಲಿ ತಪ್ಪಿತು? ಅಲ್ಲಿ ಇನ್ನೊಮ್ಮೆ ನೋಡಿ, ಇನ್ನೊಮ್ಮೆ ಬರೆಯಿರಿ.