ಗಗನಯಾನಿ ಏಮಿ ಜಾನ್ಸನ್

ದೂರವನ್ನು ವೇಗದಿಂದ ಭಾಗಿಸಿದರೆ ಕಾಲವು ದೊರೆಯುವುದೆಂದು ಗಣಿತದ ತರಗತಿಯಲ್ಲಿ ನಾವೆಲ್ಲರೂ ಕಲಿತಿದ್ದೇವೆ. ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದಿಂದ ಆಸ್ಟ್ರೇಲಿಯದ ಡಾರ್ವಿನ್ನಿಗೆ, ಅಂದಿನ ವಿಮಾನಗಳು ಹಿಡಿಯುತ್ತಿದ್ದ ದಾರಿಯಲ್ಲಿ, ಸುಮಾರು 11,000 ಮೈಲಿ. ಗಂಟೆಗೆ 85 ಮೈಲಿ ಸಾಗುವ ವಿಮಾನಕ್ಕೆ 130 ಗಂಟೆ, ಎಂದರೆ ಐದೂವರೆ ದಿನ, ಸಾಕಾಗಬೇಕು. ಈ ದಾರಿಯನ್ನು ಒಂಟಿಯಾಗಿ ಕ್ರಮಿಸಿದ ಮೊದಲ ಮಹಿಳೆ ಏಮಿ ಜಾನ್ಸನ್ನಳಿಗೆ ಹಿಡಿದುದು ಹತ್ತೊಂಬತ್ತೂವರೆ ದಿನ. ರಾತ್ರಿಯ ವಿಶ್ರಾಂತಿಯನ್ನು ಲೆಕ್ಕಕ್ಕೆ ಹಿಡಿದರೂ ಇದು ಹೆಚ್ಚೇ. ಆ ಹೆಚ್ಚಿನ ದಿನಗಳಲ್ಲಿಯೇ ಆಕೆಯ ಕಥೆಯಿದೆ.

ಏಮಿ ಹುಟ್ಟಿದ್ದು 1903ರಲ್ಲಿ, ಇಂಗ್ಲೆಂಡಿನ ಹಲ್ ಎಂಬ ಬಂದರಿನಲ್ಲಿ. ತಂದೆ ಮೀನಿನ ವ್ಯಾಪಾರಿ. ಷೆಫೀಲ್ಡಿನಲ್ಲಿ ಪದವಿ ಪಡೆದು ಲಂಡನ್ನಿನ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಈಕೆ, ಬಿಡುವಿನ ವೇಳೆಯಲ್ಲಿ ಹಾರಲು ಕಲಿತಳು. ಅಷ್ಟಕ್ಕೇ ತೃಪ್ತಳಾಗದೆ ಯಂತ್ರವನ್ನು ಬಿಚ್ಚಿ ಜೋಡಿಸುವ ವಿದ್ಯೆಯನ್ನೂ ಕಲಿತು 1929ರಲ್ಲಿ ಅದರ ಪರವಾನಗಿಯನ್ನು ಪಡೆದಳು. ತಂದೆಯೂ ವೇಕ್‌ಫೀಲ್ಡ್ ಎಂಬ ಎಣ್ಣೆಯ ವರ್ತಕರೂ ಕೊಟ್ಟ ಹಣದಿಂದ ಹಳೆಯ ಜಿಪ್ಸಿ ಮಾತ್ ವಿಮಾನವೊಂದನ್ನು ಕೊಂಡು ಅದಕ್ಕೆ ಜೇಸನ್ ಎಂದು ಹೆಸರಿಟ್ಟಳು. ಮರ ಮತ್ತು ಬಟ್ಟೆಯ ರೆಕ್ಕೆ. ತಲೆಯ ಮೇಲೆ ಮುಚ್ಚಿಗೆಯಿಲ್ಲ. ಅದುವರೆಗೆ ಆಕೆ ಹಾರಿದ್ದ ಅತಿ ದೂರದ ದಾರಿಯೆಂದರೆ ಲಂಡನ್ನಿನಿಂದ ತನ್ನ ಊರಿಗೆ. ಇನ್ನೂರು ಮೈಲಿಗೂ ಕಡಮೆ!

1930ರ ಮೇ 5ರಂದು ಹೊರಟವಳನ್ನು ಬಾಗ್ದಾದಿನ ಸಮೀಪದ ಮರುಭೂಮಿಯಲ್ಲಿ ಧೂಳಿನ ಬಿರುಗಾಳಿ ನೆಲಕ್ಕಿಳಿಸಿತು. ಆದರೂ ಆರೇ ದಿನಗಳಲ್ಲಿ ಕರಾಚಿಯನ್ನು ಮುಟ್ಟಿದಳು. 1928ರಲ್ಲಿ ಇದೇ ದಾರಿಯಲ್ಲಿ ಹಾರಿದ್ದ ಹಿಂಕ್ಲರನಿಗಿಂತ ಅಲ್ಲಿಯವರೆಗೆ ಎರಡು ದಿನ ಮುಂದು! ಮುಂದೆ ಪೆಟ್ರೋಲು ಮುಗಿದು ಝಾನ್ಸಿಯ ಸೈನಿಕ ಮೈದಾನದಲ್ಲಿ ಇಳಿಯಬೇಕಾಯಿತು. ರಂಗೂನಿನ ಬಳಿ ಮಳೆಯಲ್ಲಿ ದಾರಿ ಕಾಣದೆ, ಒಂದು ತಾಂತ್ರಿಕ ವಿದ್ಯಾಲಯದ ಆಟದ ಬಯಲಿನಲ್ಲಿ ಇಳಿದಾಗ ವಿಮಾನವು ಹಳ್ಳಕ್ಕೆ ನುಗ್ಗಿ ರೆಕ್ಕೆ ಮುರಿಯಿತು. ಆ ವಿದ್ಯಾಲಯದವರೇ ಅದನ್ನು ಸರಿಪಡಿಸಿದರು. ಯುದ್ಧಕಾಲದ ವಿಮಾನದ ಬಟ್ಟೆಯಿಂದ ಹೊಲಿದಿದ್ದ ಅಂಗಿಗಳನ್ನು ಬಿಚ್ಚಿ ರೆಕ್ಕೆಗೆ ಹೊದಿಸಿದರಂತೆ! ಆದರೆ ಗಳಿಸಿದ್ದ ಎರಡು ದಿನಗಳೂ ಅಲ್ಲಿ ಕಳೆದುಹೋದವು.

ಮೇ 24ರಂದು ಡಾರ್ವಿನ್ನಿನಲ್ಲಿ ಇಳಿದಾಗ ಜನರು ಜಯಘೋಷ ಮಾಡಿದರು. ಹಿಂಕ್ಲರನ ಹದಿನೈದೂವರೆ ದಿನಗಳ ದಾಖಲೆಯನ್ನು ಮುರಿಯಲಾಗಲಿಲ್ಲವೆಂಬ ಕೊರಗು ಮಾತ್ರ ಆಕೆಯ ಮನಸ್ಸಿನಲ್ಲಿತ್ತು. ಲಂಡನ್ನಿಗೂ ಆಸ್ಟ್ರೇಲಿಯದ ಪರ್ತಿಗೂ ನಡುವೆ ಎಲ್ಲಿಯೂ ಇಳಿಯದೆ ಸುಮಾರು 17 ಗಂಟೆಗಳಲ್ಲಿ ಹಾರುವ ವಿಮಾನಗಳು 2018ರಲ್ಲಿ ಆರಂಭವಾದವು. ಈ ಕಾಲದವರಾದ ನಮಗೆ ಆಕೆಯ ಕೊರಗು ವಿಚಿತ್ರವಾಗಿ ತೋರಬಹುದು.

ಎರಡನೆಯ ಮಹಾಯುದ್ಧದಲ್ಲಿ ಆಕೆ ವಿಮಾನಗಳನ್ನು ಕಾರ್ಖಾನೆಗಳಿಂದಲೂ ನಿಲ್ದಾಣಗಳಿಂದಲೂ ಬೇಕಾದೆಡೆಗೆ ಸಾಗಿಸುವ ಪಡೆಯನ್ನು ಸೇರಿದಳು. 1941ರ ಜನವರಿ 5ರಂದು ಬ್ಲ್ಯಾಕ್‌ಪೂಲಿನಿಂದ ಆಕ್ಸ್‌ಫರ್ಡಿನ ಬಳಿಗೆ ಹೊರಟಳು. ಸುಮಾರು ಒಂದೂವರೆ ಗಂಟೆಯ ದಾರಿ. ಮಂಜು ಮೋಡಗಳಲ್ಲಿ ದಿಕ್ಕು ತಪ್ಪಿತು. ಗಂಟೆಗಳು ಕಳೆದ ಮೇಲೆ, ಬಹು ದೂರದ ಥೇಮ್ಸ್ ನದೀಮುಖದಲ್ಲಿ, ಪ್ಯಾರಾಷೂಟೊಂದು ಕೊರೆಯುವ ನೀರಿಗೆ ಇಳಿಯುವುದನ್ನು ನಾವಿಕರು ಕಂಡರು. ರಕ್ಷಿಸಲೆಂದು ನೀರಿಗೆ ಹಾರಿದ ನೌಕೆಯ ಅಧಿಪತಿ ವಾಲ್ಟರ್ ಫ್ಲೆಚರನೂ ಉಳಿಯಲಿಲ್ಲ. ಏಮಿಯ ದೇಹವು ಸಿಕ್ಕಲೇ ಇಲ್ಲ.

ಜೇಸನ್ ವಿಮಾನವನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿ ಇಟ್ಟಿದ್ದಾರೆ.