ಸತ್ತ ತಿಮಿಂಗಿಲಗಳ ಲೆಕ್ಕ ಇಟ್ಟ ಸಿಡ್ನಿ ಹಾರ್ಮರ್

2016ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಟೈರೀ ದ್ವೀಪದ ದಡದಲ್ಲಿ ಒಂದು ಹೆಣ್ಣು ಓರ್ಕಾ ಸತ್ತು ಬಿದ್ದಿತ್ತು. ಕಿಲ್ಲರ್ ವೇಲ್ ಅಂತ ಸಿನಿಮಾದಲ್ಲಿ ನೋಡ್ತೀವಲ್ಲ, ಆ ಕಪ್ಪು-ಬಿಳಿ ಪ್ರಾಣಿ. ಹೆಸರು ಲುಲು. ಮೀನುಗಾರಿಕೆಯ ಹಗ್ಗಕ್ಕೆ ಸಿಕ್ಕಿಕೊಂಡು ಸತ್ತಿದ್ದು ಅಂತ ಪೋಸ್ಟ್‌ಮಾರ್ಟಂನಲ್ಲಿ ಗೊತ್ತಾಯ್ತು. ಅಲ್ಲಿಗೇ ನಿಂತಿದ್ದರೆ ಒಂದು ದಿನದ ಸುದ್ದಿ. ಆದರೆ ಚರ್ಮದಡಿಯ ಕೊಬ್ಬನ್ನು ಲ್ಯಾಬಿಗೆ ಕಳಿಸಿದಾಗ ಕೆಜಿಗೆ 957 ಮಿಲಿಗ್ರಾಂ ಪಿಸಿಬಿ ಸಿಕ್ಕಿತು. ದೇಹಕ್ಕೆ ಹಾನಿ ಶುರುವಾಗುವ ಮಟ್ಟಕ್ಕಿಂತ ನೂರು ಪಟ್ಟು ಹೆಚ್ಚು. ನನ್ನಂಥ ಇಂಜಿನಿಯರಿಂಗ್ ಓದಿದವರಿಗೆ ಪಿಸಿಬಿ ಅಂದ್ರೆ ಸರ್ಕ್ಯೂಟ್ ಬೋರ್ಡ್. ಇದು ಬೇರೆ. ಹಳೇ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್‌ಗಳಲ್ಲಿ ಬಳಸುತ್ತಿದ್ದ, ದಶಕಗಳ ಹಿಂದೆಯೇ ನಿಷೇಧವಾದ ರಾಸಾಯನಿಕ. ಲುಲುವಿಗೆ ಕನಿಷ್ಠ 20 ವರ್ಷ ವಯಸ್ಸಾಗಿತ್ತು. ಆಕೆ ಒಮ್ಮೆಯೂ ಗರ್ಭ ಧರಿಸಿದ ಗುರುತು ಅಂಡಾಶಯದಲ್ಲಿ ಇರಲಿಲ್ಲ.

ದಡಕ್ಕೆ ಬಿದ್ದ ಹೆಣವನ್ನು ಹೂಳುವ ಮೊದಲು ವಿಚಾರಿಸಬೇಕು ಅನ್ನೋ ಪದ್ಧತಿ ಬ್ರಿಟನ್ನಿನಲ್ಲಿ ಶುರುವಾಗಿದ್ದು 1913ರಲ್ಲಿ. ಶುರು ಮಾಡಿದವರು ಸಿಡ್ನಿ ಹಾರ್ಮರ್.

ಹಾರ್ಮರ್ ಹುಟ್ಟಿದ್ದು 1862ರಲ್ಲಿ, ನಾರ್ವಿಚ್ ಊರಲ್ಲಿ. ತಂದೆಗೆ ಭೂವಿಜ್ಞಾನದ ಹುಚ್ಚು. ಮಗ ಕೇಂಬ್ರಿಜ್ ಸೇರಿ ಪ್ರಾಣಿಶಾಸ್ತ್ರ ಹಿಡಿದರು. ತಮಾಷೆ ಏನಂದ್ರೆ, ಅವರು ಜೀವನಪೂರ್ತಿ ಅಧ್ಯಯನ ಮಾಡಿದ್ದು ಪಾಲಿಜೋವಾ ಎಂಬ ಜೀವಿಗಳನ್ನು. ಸಮುದ್ರದ ಕಲ್ಲಿಗೂ ಪಾಚಿಗೂ ಅಂಟಿಕೊಂಡು ಗುಂಪಾಗಿ ಬೆಳೆಯುವ ಇವುಗಳಲ್ಲಿ ಒಂದೊಂದನ್ನೂ ನೋಡಲು ಸೂಕ್ಷ್ಮದರ್ಶಕ ಬೇಕು. ಅದೇ ಕೆಲಸಕ್ಕೆ 1898ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂತು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಅಂತ ಇವತ್ತು ಕರೆಯುವ ಸಂಸ್ಥೆಯಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದು 1909ರಲ್ಲಿ. ಆಗ ಅವರಿಗೆ 47 ವರ್ಷ. ತಿಮಿಂಗಿಲದ ಕಥೆ ಶುರುವಾಗೋದು ಅಲ್ಲಿಂದ.

ಆ ಕಾಲಕ್ಕೆ ತಿಮಿಂಗಿಲಗಳ ಬಗ್ಗೆ ಗೊತ್ತಿದ್ದದ್ದು ಬಹಳ ಕಡಿಮೆ. ಬದುಕಿದ್ದಾಗ ನೀರೊಳಗೆ, ಸತ್ತರೆ ಹೆಚ್ಚಿನವು ಮುಳುಗಿಯೇ ಹೋಗುತ್ತವೆ. ಕೈಗೆ ಸಿಗುವುದು ದಡಕ್ಕೆ ಬಂದು ಬೀಳುವ ಕೆಲವು ಮಾತ್ರ. ಅದೂ ಎಲ್ಲೋ ಮೂಲೆಯ ಹಳ್ಳಿಯ ದಡದಲ್ಲಿ. ಲಂಡನ್ನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಕೊಳೆತಿರುತ್ತಿತ್ತು, ಇಲ್ಲವೇ ಯಾರೋ ಕಡಿದು ಸಾಗಿಸಿರುತ್ತಿದ್ದರು.

ಹಾರ್ಮರ್ ಇದಕ್ಕೆ ಹೊಸ ಇಲಾಖೆ ಕೇಳಲಿಲ್ಲ. 14ನೇ ಶತಮಾನದ, ಎರಡನೇ ಎಡ್ವರ್ಡ್ ಕಾಲದ ಒಂದು ಕಾನೂನು ಇನ್ನೂ ಉಸಿರಾಡುತ್ತಿತ್ತು. ಅದರ ಪ್ರಕಾರ ದಡಕ್ಕೆ ಬಿದ್ದ ತಿಮಿಂಗಿಲ ರಾಜನ ಸ್ವತ್ತು. ರಾಜನ ಸ್ವತ್ತು ಅಂದಮೇಲೆ ನೋಡಿಕೊಳ್ಳಲು ಅಧಿಕಾರಿ ಇರಲೇಬೇಕು. ಒಡೆದ ಹಡಗಿನಿಂದ ದಡ ಸೇರಿದ ಮಾಲಿನ ಲೆಕ್ಕ ಇಡುವ ಅಧಿಕಾರಿಯೇ ಅದನ್ನೂ ನೋಡಿಕೊಳ್ಳುತ್ತಿದ್ದ. ಕರಾವಳಿಯುದ್ದಕ್ಕೂ ಕಾವಲು ಸಿಬ್ಬಂದಿ, ಟೆಲಿಗ್ರಾಫ್ ಎಲ್ಲ ಇತ್ತು. ಇಲ್ಲದಿದ್ದದ್ದು ಒಂದೇ, ಮ್ಯೂಸಿಯಂಗೆ ತಿಳಿಸಿ ಅನ್ನೋ ಆದೇಶ. ಆ ಖಾತೆ ನೋಡಿಕೊಳ್ಳುತ್ತಿದ್ದ ಬೋರ್ಡ್ ಆಫ್ ಟ್ರೇಡ್ ಜೊತೆ ಮಾತಾಡಿ ಅದನ್ನು ಹೊರಡಿಸಿದರು. ರಾಜನ ಪಾಲು ವಸೂಲಿಗೆ ಹುಟ್ಟಿದ ಊಳಿಗಮಾನ್ಯ ಕಾನೂನು ವಿಜ್ಞಾನದ ಕೆಲಸಕ್ಕೆ ಬಿತ್ತು. ಸಾಫ್ಟ್‌ವೇರ್ ಕಂಪನಿಯಲ್ಲಿ ಇದನ್ನು ಜುಗಾಡ್ ಅಂತೀವಿ. ನನಗೆ ಹಾರ್ಮರ್ ಇಷ್ಟವಾಗೋದು ಇಲ್ಲೇ.

ಕೆಲಸ ನಡೀತಿದ್ದದ್ದು ಹೀಗೆ. ಪ್ರಾಣಿ ದಡಕ್ಕೆ ಬಿದ್ದರೆ ಲಂಡನ್ನಿಗೆ ತಂತಿ. ನಂತರ ಉದ್ದ, ಬಣ್ಣ, ರೆಕ್ಕೆಯ ಆಕಾರ ಬರೆದ ವಿವರ. ಅನುಮಾನ ಬಂದರೆ ದವಡೆಯೋ ಇನ್ನೊಂದು ಭಾಗವೋ ಮ್ಯೂಸಿಯಂಗೆ ಹೋಗಬೇಕು. ಕಾವಲು ಸಿಬ್ಬಂದಿಗೆ ಪ್ರಾಣಿಶಾಸ್ತ್ರ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಅಳತೆ ಪಟ್ಟಿ ಹಿಡಿಯಲು ಬಂದರೆ ಸಾಕಿತ್ತು. 1914ರಿಂದ 1927ರವರೆಗೆ ಹಾರ್ಮರ್ ಇದನ್ನೆಲ್ಲ ನಕ್ಷೆಗಳ ಸಮೇತ ಹತ್ತು ವರದಿಗಳಾಗಿ ಪ್ರಕಟಿಸಿದರು. ನಡುವೆ ಒಂದು ಮಹಾಯುದ್ಧ ಬಂದು ಹೋಯ್ತು, ಪಟ್ಟಿ ನಿಲ್ಲಲಿಲ್ಲ.

ಇದರ ಜೊತೆಗೇ ಅವರ ಮೇಜಿಗೆ ಇನ್ನೊಂದು ಬಗೆಯ ಅಂಕಿಅಂಶ ಬರುತ್ತಿತ್ತು. ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪ ಬ್ರಿಟನ್ನಿನ ವಸಾಹತು. 1904ರಲ್ಲಿ ಅಲ್ಲಿ ತಿಮಿಂಗಿಲ ಬೇಟೆ ಶುರುವಾಗಿತ್ತು. ಕಂಪನಿಗಳಿಗೆ ಲೈಸೆನ್ಸ್, ಸರ್ಕಾರಕ್ಕೆ ಕಾಸು. ಮೊದಲು ಸಾವಿರಗಟ್ಟಲೆ ಸಿಗುತ್ತಿದ್ದ ಹಂಪ್‌ಬ್ಯಾಕ್ ತಿಮಿಂಗಿಲಗಳು ಕೆಲವೇ ವರ್ಷದಲ್ಲಿ ಕಾಣೆಯಾಗತೊಡಗಿದವು. ಕಂಪನಿಗಳು ನೀಲಿ ತಿಮಿಂಗಿಲ ಮತ್ತು ಫಿನ್ ತಿಮಿಂಗಿಲದ ಕಡೆ ತಿರುಗಿದವು. ಒಟ್ಟು ಎಣ್ಣೆಯ ಲೆಕ್ಕ ನೋಡಿದರೆ ವ್ಯಾಪಾರ ಚೆನ್ನಾಗೇ ಇತ್ತು. ಜಾತಿವಾರು ಲೆಕ್ಕ ನೋಡಿದವರಿಗೆ ಮಾತ್ರ ಅಪಾಯ ಕಂಡಿತು. ನೋಡಿದವರು ಹಾರ್ಮರ್.

ಅವರು ವಸಾಹತು ಇಲಾಖೆಗೆ ಎಚ್ಚರಿಕೆ ಕೊಟ್ಟರು. ತನಿಖೆಗೆ ಬ್ಯಾರೆಟ್-ಹ್ಯಾಮಿಲ್ಟನ್ ಎಂಬ ಪ್ರಾಣಿಶಾಸ್ತ್ರಜ್ಞರನ್ನು 1913ರಲ್ಲಿ ಕಳಿಸಲಾಯ್ತು. 1914ರ ಜನವರಿಯಲ್ಲಿ ಆತ ಸೌತ್ ಜಾರ್ಜಿಯಾದಲ್ಲೇ ತೀರಿಕೊಂಡರು. ಆತನ ಟಿಪ್ಪಣಿಗಳು ವರದಿಯಾಗಿ ಹೊರಬಂದಿದ್ದು 1925ರಲ್ಲಿ. ವರದಿ ತರಿಸಿಕೊಂಡು ಕೂರುವ ವಿದ್ಯೆ ನಮ್ಮ ವಿಧಾನಸೌಧಕ್ಕೆ ಮಾತ್ರ ಗೊತ್ತಿರೋದಲ್ಲ. ಅಷ್ಟರಲ್ಲಿ ಯುದ್ಧ ಶುರುವಾಗಿತ್ತು. ತಿಮಿಂಗಿಲದ ಎಣ್ಣೆಯಿಂದ ಗ್ಲಿಸರಿನ್, ಗ್ಲಿಸರಿನ್‌ನಿಂದ ಸ್ಫೋಟಕ. ನಿಯಮಗಳು ಸಡಿಲವಾದವು.

ಯುದ್ಧ ಮುಗಿದ ಮೇಲೆ ಹಾರ್ಮರ್ ಮ್ಯೂಸಿಯಂ ನಿರ್ದೇಶಕರಾದರು, 1920ರಲ್ಲಿ ಸರ್ ಪದವಿ ಬಂತು. ಸರ್ಕಾರ ನೇಮಿಸಿದ ಡಿಸ್ಕವರಿ ಸಮಿತಿಯಲ್ಲೂ ಇದ್ದರು. 1925ರಲ್ಲಿ, ಹಿಂದೆ ಕ್ಯಾಪ್ಟನ್ ಸ್ಕಾಟ್ ದಕ್ಷಿಣ ಧ್ರುವದ ಕಡೆ ಒಯ್ದಿದ್ದ ಡಿಸ್ಕವರಿ ಹಡಗೇ ತಿಮಿಂಗಿಲ ಸಂಶೋಧನೆಗೆ ಹೊರಟಿತು. ಸೌತ್ ಜಾರ್ಜಿಯಾದ ಬೇಟೆ ಕಂಪನಿಗಳ ಕಟ್ಟೆಯಲ್ಲೇ ವಿಜ್ಞಾನಿಗಳು ನಿಂತು, ಕೊಬ್ಬು ಸುಲಿಯುವವರ ನಡುವೆ ಅಂಡಾಶಯ, ಹೊಟ್ಟೆಯ ಆಹಾರ, ಭ್ರೂಣ ಎಲ್ಲವನ್ನೂ ನೋಡಿ ಬರೆದುಕೊಂಡರು. ಪ್ರಾಯ ಎಷ್ಟು, ಎಷ್ಟು ವರ್ಷಕ್ಕೊಮ್ಮೆ ಮರಿ ಹಾಕುತ್ತದೆ ಎಂಬುದಕ್ಕೆ ಮೊದಲ ಗಟ್ಟಿ ಉತ್ತರಗಳು ಬಂದಿದ್ದು ಆ ಕಟ್ಟೆಯಿಂದ. ಇದಕ್ಕೆಲ್ಲ ದುಡ್ಡು ಎಲ್ಲಿಂದ? ತಿಮಿಂಗಿಲದ ಎಣ್ಣೆಯ ಮೇಲಿನ ತೆರಿಗೆಯಿಂದ. ಕೊಂದಷ್ಟೂ ಸಂಶೋಧನೆಗೆ ಹಣ!

ಹಾರ್ಮರ್ ಬೇಟೆಯನ್ನೇ ನಿಲ್ಲಿಸಿ ಅಂದವರಲ್ಲ. ಸಾಮ್ರಾಜ್ಯದ ಒಳಗಿನ ಮನುಷ್ಯ. ಲೆಕ್ಕ ಹಾಕಿ, ಮಿತಿಯಲ್ಲಿ ಕೊಲ್ಲಿ ಅಂದರು. ಲೆಕ್ಕ ಸಿಗುವವರೆಗೆ ಕೊಲ್ಲುವವರು ಕಾಯುತ್ತಾರೆ ಅಂತ ನಂಬಿದ್ದು ಅವರ ದೊಡ್ಡ ತಪ್ಪು ಅಂತ ನನಗನ್ನಿಸುತ್ತೆ. ಡಿಸ್ಕವರಿ ಹೊರಟ ಅದೇ 1925ರಲ್ಲಿ ಲ್ಯಾನ್ಸಿಂಗ್ ಎಂಬ ನಾರ್ವೆಯ ಹಡಗೂ ಹೊರಟಿತು. ಅದರ ಹಿಂಬದಿಯಲ್ಲಿ ಇಳಿಜಾರು, ತಿಮಿಂಗಿಲವನ್ನು ಹಡಗಿನೊಳಕ್ಕೇ ಎಳೆದುಕೊಂಡು ಎಣ್ಣೆ ತೆಗೆಯಬಹುದು. ದಡ ಬೇಡ, ದಡ ಬೇಡ ಅಂದಮೇಲೆ ಬ್ರಿಟನ್ನಿನ ಲೈಸೆನ್ಸೂ ಬೇಡ. 1930-31ರ ಒಂದೇ ಋತುವಿನಲ್ಲಿ ಅಂಟಾರ್ಕ್ಟಿಕ್ ಸಮುದ್ರದಲ್ಲಿ 29 ಸಾವಿರಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳನ್ನು ಕೊಂದರು. ಆಗ ಲಿನಿಯನ್ ಸೊಸೈಟಿಯ ಅಧ್ಯಕ್ಷರಾಗಿದ್ದ ಹಾರ್ಮರ್, 1931ರ ತಮ್ಮ ಅಧ್ಯಕ್ಷ ಭಾಷಣಕ್ಕೆ ಆರಿಸಿಕೊಂಡಿದ್ದು ದಕ್ಷಿಣ ಸಮುದ್ರದ ಬೇಟೆಯ ವಿಷಯವನ್ನೇ.

ನಿವೃತ್ತಿಯ ನಂತರ ಅವರು ಮತ್ತೆ ಪಾಲಿಜೋವಾಗಳ ಕಡೆ ಹೋದರು. 1950ರಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು. ವಾಣಿಜ್ಯ ಬೇಟೆಗೆ ಅಂತಾರಾಷ್ಟ್ರೀಯ ತಡೆ ಜಾರಿಗೆ ಬಂದಿದ್ದು 1986ರಲ್ಲಿ.

ದಡದ ಪಟ್ಟಿ ಮಾತ್ರ ಬೆಳೀತಾ ಹೋಯ್ತು. ಹಾರ್ಮರ್ ನಂತರ ಫ್ರೇಸರ್ ಎಂಬ ವಿಜ್ಞಾನಿ ದಶಕಗಳ ಕಾಲ ಮುಂದುವರಿಸಿದರು. ಆದರೆ ಅದರಲ್ಲಿ ಒಂದು ಕೊರತೆ ಇತ್ತು. ಯಾವ ಪ್ರಾಣಿ, ಎಲ್ಲಿ, ಯಾವಾಗ ಅಂತ ಸಿಗುತ್ತಿತ್ತು. ಯಾಕೆ ಸತ್ತಿತು ಅನ್ನೋದು ಹೆಚ್ಚಾಗಿ ಇರಲಿಲ್ಲ. 1988ರಲ್ಲಿ ಉತ್ತರ ಸಮುದ್ರದ ಸುತ್ತಮುತ್ತ ವೈರಸ್ ಬಂದು ಸುಮಾರು 18 ಸಾವಿರ ಸೀಲ್‌ಗಳು ಸತ್ತಾಗ ಆ ಪ್ರಶ್ನೆ ತಪ್ಪಿಸಿಕೊಳ್ಳಲಾಗಲಿಲ್ಲ. 1990ರಿಂದ ಸರ್ಕಾರದ ಹಣದಲ್ಲೇ ಪೋಸ್ಟ್‌ಮಾರ್ಟಂ ಶುರುವಾಯ್ತು. ಕೊಬ್ಬಿನ ದಪ್ಪ, ಶ್ವಾಸಕೋಶ, ಹೊಟ್ಟೆ, ಚರ್ಮದ ಮೇಲೆ ಬಲೆಯ ಗೀರು, ಎಲ್ಲವನ್ನೂ ನೋಡತೊಡಗಿದರು. ಚಿಕ್ಕ ಪೊರ್ಪಸ್‌ಗಳಲ್ಲಿ ಎಷ್ಟೋ ಬಲೆಗೆ ಸಿಕ್ಕಿ ಉಸಿರುಗಟ್ಟಿ ಸಾಯುತ್ತಿವೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತು. ಸ್ಕಾಟ್ಲೆಂಡಿನ ಮೊರೇ ಫರ್ತ್‌ನಲ್ಲಿ ಪಕ್ಕೆಲುಬು ಮುರಿದ ಪೊರ್ಪಸ್‌ಗಳನ್ನು ಕೊಂದದ್ದು ಬಾಟಲ್‌ನೋಸ್ ಡಾಲ್ಫಿನ್‌ಗಳು ಅಂತ ಗೊತ್ತಾಗಿದ್ದೂ ಹೀಗೇ. ಹೌದು, ಅದೇ ನಗುಮುಖದ ಡಾಲ್ಫಿನ್.

ಲುಲುವಿನ ಕೊಬ್ಬನ್ನು ಪರೀಕ್ಷಿಸಿದ್ದು ಇದೇ ವ್ಯವಸ್ಥೆಯ ಮುಂದುವರಿದ ರೂಪ. ಆಕೆಯ ಗುಂಪಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಒಂದು ಮರಿಯೂ ಕಂಡಿಲ್ಲ. ಇತ್ತೀಚಿನ ವರ್ಷಗಳಲ್ಲಿ ಆ ಗುಂಪಿನಿಂದ ಆಗಾಗ ಕಾಣಿಸಿಕೊಳ್ಳುತ್ತಿರುವುದು ಎರಡೇ, ಜಾನ್ ಕೋ ಮತ್ತು ಅಕ್ವೇರಿಯಸ್. ಎರಡೂ ಗಂಡು.