ಕಾಯಿಸಿದವನೇ ಕಾದ ಕಥೆ

ಲೇಖನ ಇವತ್ತು ಕೊಡ್ತೇನೆ, ನಾಳೆ ಕೊಡ್ತೇನೆ ಅಂತ ನಮ್ಮ ಬಳಗದ ಸಂಪಾದಕರನ್ನು ಸತಾಯಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ಅಂಥವರಿಗೆಲ್ಲ ಕುಲದೇವರು ಅನ್ನಬಹುದಾದ ಒಬ್ಬ ಲೇಖಕ ಇಂಗ್ಲೆಂಡಿನಲ್ಲಿದ್ದ. ಹೆಸರು ಡಗ್ಲಸ್ ಆಡಮ್ಸ್. ಹೇಳಿದ ದಿನಕ್ಕೆ ಬರೆದು ಕೊಡದಿರುವುದರಲ್ಲಿ ಆತ ಹೆಸರುವಾಸಿ. ಪ್ರಕಾಶಕರನ್ನೂ ರೇಡಿಯೋದವರನ್ನೂ ಜೀವಮಾನವಿಡೀ ಕಾಯಿಸಿದ ಈ ಮನುಷ್ಯ, ಒಂದು ವಿಷಯಕ್ಕೆ ಮಾತ್ರ ತಾನೇ ಸುಮಾರು ಇಪ್ಪತ್ತು ವರ್ಷ ಕಾದ. ತನ್ನ ಕಾದಂಬರಿ ಸಿನಿಮಾ ಆಗಬೇಕು ಅಂತ ಅವನಿಗೆ ಆಸೆ. ಸಿನಿಮಾ ಆಯಿತು. ನೋಡಲು ಅವನಿರಲಿಲ್ಲ.

ಆಡಮ್ಸ್ ಹುಟ್ಟಿದ್ದು 1952ರ ಮಾರ್ಚ್ 11ರಂದು, ಕೇಂಬ್ರಿಜ್‌ನಲ್ಲಿ. ಪೂರ್ತಿ ಹೆಸರು ಡಗ್ಲಸ್ ನೋಯೆಲ್ ಆಡಮ್ಸ್. ಮೊದಲ ಅಕ್ಷರಗಳನ್ನು ಕೂಡಿಸಿದರೆ ಡಿ.ಎನ್.ಎ. ಮರುವರ್ಷ ಅದೇ ಊರಿನಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿ.ಎನ್.ಎ.ಯ ರಚನೆಯನ್ನು ಕಂಡುಹಿಡಿದರು. ಅವರಿಗಿಂತ ಮೊದಲೇ ಊರಿಗೆ ಬಂದ ಡಿ.ಎನ್.ಎ. ತಾನು ಅಂತ ಆಡಮ್ಸ್ ತಮಾಷೆ ಮಾಡುತ್ತಿದ್ದ. ಅವನಿನ್ನೂ ಚಿಕ್ಕವನಿದ್ದಾಗಲೇ ತಂದೆತಾಯಿ ಬೇರೆಯಾದರು. ಓದಿದ್ದು ಎಸೆಕ್ಸ್‌ನ ಬ್ರೆಂಟ್‌ವುಡ್ ಶಾಲೆಯಲ್ಲಿ. ಹುಡುಗ ಬಿದಿರಿನ ಹಾಗೆ ಬೆಳೆದು ಕೊನೆಗೆ ಆರಡಿ ಐದಂಗುಲದಲ್ಲಿ ನಿಂತ. ಆ ಶಾಲೆಯಲ್ಲಿ ಫ್ರಾಂಕ್ ಹಾಲ್‌ಫರ್ಡ್ ಅಂತ ಒಬ್ಬ ಮೇಷ್ಟ್ರು. ಈ ಹುಡುಗ ಬರೆದ ಒಂದು ಕಥೆಗೆ ಅವರು ಹತ್ತಕ್ಕೆ ಹತ್ತು ಕೊಟ್ಟರು. ತಮ್ಮ ಇಡೀ ಸೇವಾವಧಿಯಲ್ಲಿ ಮತ್ತೆ ಯಾರಿಗೂ ಅವರು ಹತ್ತಕ್ಕೆ ಹತ್ತು ಕೊಟ್ಟವರಲ್ಲ. ದೊಡ್ಡ ಲೇಖಕನಾದ ಮೇಲೂ, ಬರೆಯಲು ಕೂತು ಏನೂ ಹೊಳೆಯದೆ ಕಂಗೆಟ್ಟಾಗ, ಆ ಹತ್ತು ಅಂಕವನ್ನು ನೆನೆದು ಆಡಮ್ಸ್ ಧೈರ್ಯ ತಂದುಕೊಳ್ಳುತ್ತಿದ್ದ. ಮೇಷ್ಟ್ರುಗಳ ಕೆಂಪು ಪೆನ್ನಿಗೆ ಎಂಥ ಶಕ್ತಿ ಇದೆ ನೋಡಿ!

1971ರಲ್ಲಿ, ಕಾಲೇಜು ಸೇರುವ ಮುಂಚೆ, ಆತ ಯೂರೋಪ್ ತಿರುಗಲು ಹೊರಟ. ಕೈಯಲ್ಲಿ ಕಾಸಿಲ್ಲ. ದಾರಿಯಲ್ಲಿ ಹೋಗುವ ಗಾಡಿಗಳಿಗೆ ಕೈ ತೋರಿಸಿ ಬಿಟ್ಟಿಯಾಗಿ ಹತ್ತಿಕೊಂಡು ಹೋಗುವುದು. ಅಂಥ ಪ್ರಯಾಣಿಕರಿಗೆಂದೇ ಬರೆದ ಒಂದು ಗೈಡು ಜೊತೆಗಿತ್ತು. ಒಂದು ರಾತ್ರಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ, ಸ್ವಲ್ಪ ಕುಡಿದು, ಹೊಲವೊಂದರಲ್ಲಿ ಅಂಗಾತ ಮಲಗಿ ನಕ್ಷತ್ರ ನೋಡುತ್ತಿದ್ದಾಗ ತಲೆಗೆ ಹೊಳೆಯಿತಂತೆ: ಯೂರೋಪಿಗೆ ಗೈಡು ಇದೆ, ಈ ಆಕಾಶಗಂಗೆಗೆ ಯಾಕೆ ಇರಬಾರದು? ಈ ಕಥೆಯನ್ನು ಎಷ್ಟು ಸಲ ಹೇಳಿದನೆಂದರೆ, ಕೊನೆಗೆ ನಡೆದದ್ದು ನೆನಪಿದೆಯೋ ಹೇಳಿದ್ದು ನೆನಪಿದೆಯೋ ಅವನಿಗೇ ಗೊತ್ತಾಗುತ್ತಿರಲಿಲ್ಲ.

ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಇಂಗ್ಲಿಷ್ ಓದಿ 1974ರಲ್ಲಿ ಹೊರಬಿದ್ದ. ಫುಟ್‌ಲೈಟ್ಸ್ ಅನ್ನುವ ವಿದ್ಯಾರ್ಥಿಗಳ ಹಾಸ್ಯನಾಟಕ ತಂಡದಲ್ಲಿದ್ದ. ಆಮೇಲಿನ ಕೆಲವು ವರ್ಷ ಕಷ್ಟದವು. ಮಾಂಟಿ ಪೈಥಾನ್ ತಂಡದ ಗ್ರಹಾಂ ಚಾಪ್ಮನ್ ಜೊತೆ ಬರೆದದ್ದರಲ್ಲಿ ಹೆಚ್ಚಿನದು ದಡ ಸೇರಲಿಲ್ಲ. ಹೊಟ್ಟೆಪಾಡಿಗೆ ಕೋಳಿಗೂಡು ತೊಳೆದ. ಶ್ರೀಮಂತ ಅರಬ್ ಕುಟುಂಬವೊಂದಕ್ಕೆ ಕಾವಲಿನವನಾಗಿ ಹೋಟೆಲಿನ ಕೋಣೆಯ ಹೊರಗೆ ರಾತ್ರಿಯೆಲ್ಲ ಕೂತ.

ಕೊನೆಗೆ ಕೈ ಹಿಡಿದದ್ದು ರೇಡಿಯೋ. 1978ರ ಮಾರ್ಚ್ 8ರ ರಾತ್ರಿ ಹತ್ತೂವರೆಗೆ, ಬಿ.ಬಿ.ಸಿ. ರೇಡಿಯೋ 4ರಲ್ಲಿ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಮೊದಲ ಕಂತು ಬಂತು. ಕಥೆ ಇಷ್ಟು: ಆರ್ಥರ್ ಡೆಂಟ್ ಅನ್ನುವ ಪಾಪದ ಮನುಷ್ಯನ ಮನೆಯನ್ನು ಬೈಪಾಸ್ ರಸ್ತೆಗಾಗಿ ಕೆಡವಲು ಬುಲ್‌ಡೋಜರ್ ಬಂದು ನಿಂತಿದೆ. ಅಷ್ಟರಲ್ಲಿ ಅಂತರಿಕ್ಷದ ಬೈಪಾಸಿಗಾಗಿ ಇಡೀ ಭೂಮಿಯನ್ನೇ ಕೆಡವಲು ಬೇರೆ ಗ್ರಹದ ಗುಮಾಸ್ತರು ಬರುತ್ತಾರೆ. ನೋಟೀಸು ಮೊದಲೇ ಹಚ್ಚಿತ್ತು, ನೀವು ನೋಡಲಿಲ್ಲ ಅಂತ ಅವರ ವಾದ. ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ಕ್ಯೂ ನಿಂತ ಯಾರಿಗೂ ಇದು ವೈಜ್ಞಾನಿಕ ಕಥೆ ಅನ್ನಿಸುವುದೇ ಇಲ್ಲ, ಅಲ್ವೆ? ಜೀವನದ, ವಿಶ್ವದ, ಎಲ್ಲದರ ಪರಮ ಪ್ರಶ್ನೆಗೆ ದೊಡ್ಡ ಕಂಪ್ಯೂಟರೊಂದು 75 ಲಕ್ಷ ವರ್ಷ ಯೋಚಿಸಿ ಕೊಟ್ಟ ಉತ್ತರ 42. ಪ್ರಶ್ನೆ ಏನು ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ.

1979ರ ಅಕ್ಟೋಬರ್‌ನಲ್ಲಿ ಇದು ಕಾದಂಬರಿಯಾಗಿ ಬಂದು ಮೂರೇ ತಿಂಗಳಲ್ಲಿ ಎರಡೂವರೆ ಲಕ್ಷ ಪ್ರತಿ ಖರ್ಚಾಯಿತು. ಕಾದು ಕಾದು ಸಾಕಾದ ಪ್ರಕಾಶಕರು, ಈಗ ಬರೆಯುತ್ತಿರುವ ಪುಟ ಮುಗಿಸಿ ಇದ್ದಷ್ಟನ್ನು ಕೊಡಪ್ಪ ಅಂದರಂತೆ. ಪುಸ್ತಕ ಅಷ್ಟು ಗಕ್ಕನೆ ನಿಲ್ಲುವುದು ಅದಕ್ಕೇ. ನಾಲ್ಕನೆಯ ಪುಸ್ತಕದ ಹೊತ್ತಿಗೆ, 1984ರಲ್ಲಿ, ಪರಿಸ್ಥಿತಿ ಇನ್ನೂ ಕೆಟ್ಟಿತು. ಆಗ ಪ್ಯಾನ್ ಪ್ರಕಾಶನದಲ್ಲಿದ್ದ ಸನ್ನಿ ಮೆಹ್ತಾ (ದಿಲ್ಲಿಯಲ್ಲಿ ಹುಟ್ಟಿದ ನಮ್ಮವರೇ) ಲಂಡನ್ನಿನ ಹೋಟೆಲೊಂದರಲ್ಲಿ ಕೋಣೆ ಹಿಡಿದು, ಲೇಖಕನನ್ನು ಟೈಪ್‌ರೈಟರಿನ ಮುಂದೆ ಕೂರಿಸಿ, ತಾವು ಪಕ್ಕದಲ್ಲೇ ಕಾವಲು ಕೂತು ಬರೆಸಿಕೊಂಡರು. ಹಿಂದೆ ಹೋಟೆಲಿನಲ್ಲಿ ಕಾವಲು ಕಾದವನಿಗೇ ಈಗ ಕಾವಲು!

ಸಿನಿಮಾದ ಮಾತು ಶುರುವಾದದ್ದು 1982ರಲ್ಲಿ. ಕೆನಡಾದ ಐವನ್ ರೈಟ್‌ಮನ್ ಮತ್ತು ಸಂಗಡಿಗರು ಹಕ್ಕು ಕೊಂಡರು. ಆಡಮ್ಸ್ ಹಾಲಿವುಡ್‌ಗೆ ಹೋಗಿ ಕೂತು ಬರೆದ. ಹೊಂದಿಕೆ ಆಗಲಿಲ್ಲ. ರೈಟ್‌ಮನ್ ‘ಘೋಸ್ಟ್‌ಬಸ್ಟರ್ಸ್’ ಕಡೆ ಹೋದರು. 1984ರಲ್ಲಿ ಅದು ಭರ್ಜರಿ ಓಡಿತು. ಆಡಮ್ಸ್‌ನ ಕಥೆ ಮಾತ್ರ ಕಪಾಟಿನಲ್ಲಿ ಧೂಳು ತಿನ್ನುತ್ತಾ ಉಳಿಯಿತು. ತೊಂಬತ್ತರ ದಶಕದ ಕೊನೆಗೆ ಡಿಸ್ನಿ ಒಪ್ಪಿತು; ಜೇ ರೋಚ್ ನಿರ್ದೇಶಕ ಅಂತಾಯಿತು. ಮತ್ತೆ ಮೌನ. 1999ರಲ್ಲಿ ಆಡಮ್ಸ್ ಡಿಸ್ನಿಯ ಅಧಿಕಾರಿಯೊಬ್ಬರಿಗೆ ಒಂದು ಪತ್ರ ಬರೆದ. ತನ್ನ ಮನೆಯದು, ಅಮ್ಮನದು, ಅಕ್ಕಪಕ್ಕದವರದು, ತಾನು ಊಟಕ್ಕೆ ಹೋಗುವ ಜಾಗದ್ದು, ಸಾಮಾನು ತರುವ ಅಂಗಡಿಯದು, ಹೀಗೆ ಸಾಲು ಸಾಲು ಫೋನ್ ನಂಬರು ಕೊಟ್ಟು, ಇಷ್ಟಾದರೂ ನಾನು ಸಿಗಲಿಲ್ಲ ಅಂತಾದರೆ ಬೇಕಂತಲೇ ತಪ್ಪಿಸಿಕೊಳ್ಳುತ್ತಿದ್ದೀರಿ ಅಂತ ತಿಳಿಯುತ್ತೇನೆ ಅನ್ನುವ ಅರ್ಥದಲ್ಲಿ ಮುಗಿಸಿದ. ನಗು ಬರುತ್ತದೆ. ಆದರೆ ಹದಿನೇಳು ವರ್ಷ ಕಾದವನ ಪತ್ರ ಅದು ಅಂತ ನೆನೆದರೆ ನಗು ಅರ್ಧಕ್ಕೇ ನಿಲ್ಲುತ್ತದೆ. ಆ ವರ್ಷವೇ ಆತ ಹೆಂಡತಿ ಮತ್ತು ಪುಟ್ಟ ಮಗಳೊಂದಿಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿದ.

ಇಷ್ಟು ವರ್ಷ ಕೈಕಟ್ಟಿ ಕೂತಿದ್ದ ಅಂತಲ್ಲ. ಅಳಿವಿನಂಚಿನ ಪ್ರಾಣಿಗಳನ್ನು ಹುಡುಕಿಕೊಂಡು ಪ್ರಾಣಿಶಾಸ್ತ್ರಜ್ಞ ಮಾರ್ಕ್ ಕಾರ್ವರ್ಡೀನ್ ಜೊತೆ ಮಡಗಾಸ್ಕರ್, ನ್ಯೂಜಿಲೆಂಡ್, ಚೀನಾ ಸುತ್ತಿದ. 1990ರಲ್ಲಿ ಬಂದ ‘ಲಾಸ್ಟ್ ಚಾನ್ಸ್ ಟು ಸೀ’ ಆ ಸುತ್ತಾಟದ ಪುಸ್ತಕ. ಅದರಲ್ಲಿ ಬರುವ ಯಾಂಗ್‌ಟ್ಸೆ ನದಿಯ ಡಾಲ್ಫಿನ್ 2006ರಲ್ಲಿ ಹುಡುಕಲು ಹೋದವರಿಗೆ ಒಂದೂ ಸಿಗಲಿಲ್ಲ. ಕೆಲವು ವಿಷಯ ಕಾಯುವುದಿಲ್ಲ ಅಂತ ಆಡಮ್ಸ್‌ಗೆ ಗೊತ್ತಿತ್ತು.

2001ರ ಮೇ 11ರಂದು ಕ್ಯಾಲಿಫೋರ್ನಿಯಾದ ವ್ಯಾಯಾಮಶಾಲೆಯೊಂದರಲ್ಲಿ ಹೃದಯಾಘಾತವಾಗಿ ಆಡಮ್ಸ್ ತೀರಿಕೊಂಡ. ವಯಸ್ಸು 49. ಎರಡು ವಾರಕ್ಕೆ, ಮೇ 25ರಂದು, ಅಭಿಮಾನಿಗಳು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬೀದಿಗೆ ಬಂದರು. ಅಂತರಿಕ್ಷ ಸುತ್ತುವವನಿಗೆ ಟವೆಲಿಗಿಂತ ಉಪಯೋಗದ ವಸ್ತು ಇಲ್ಲ ಅಂತ ಆ ಗೈಡು ಹೇಳುತ್ತದೆ. ಅಂದಿನಿಂದ ಪ್ರತಿವರ್ಷ ಆ ದಿನ ಟವೆಲ್ ದಿನ.

ಚಿತ್ರ ಕೈಬಿಡಲಿಲ್ಲ. ಆತ ಬರೆದಿಟ್ಟ ಚಿತ್ರಕಥೆಯನ್ನು ಕೇರಿ ಕರ್ಕ್‌ಪ್ಯಾಟ್ರಿಕ್ ಮುಂದುವರಿಸಿದರು. ಗಾರ್ತ್ ಜೆನ್ನಿಂಗ್ಸ್ ನಿರ್ದೇಶಕರಾದರು. ಆಗ ಅಭಿಮಾನಿಗಳಲ್ಲಿ ಎದ್ದ ಗದ್ದಲ ಕೇಳಬೇಡಿ! ಪುಸ್ತಕದಲ್ಲಿಲ್ಲದ ಹಮ್ಮಾ ಕವೂಲಾ ಅನ್ನುವ ಪಾತ್ರ ಬಂದಿದೆಯಂತೆ, ಆರ್ಥರನ ಪ್ರೇಮಕಥೆ ದೊಡ್ಡದು ಮಾಡಿದ್ದಾರಂತೆ, ನಮ್ಮ ಪುಸ್ತಕ ಕೆಟ್ಟಿತು ಅಂತ. ಆದರೆ ಆ ಹೊಸ ಪಾತ್ರವನ್ನು ಸೃಷ್ಟಿಸಿದವನು ಆಡಮ್ಸ್‌ನೇ. ರೇಡಿಯೋದ ಕಥೆಯನ್ನು ಕಾದಂಬರಿಯಲ್ಲಿ, ಅದನ್ನು 1981ರ ಟೆಲಿವಿಷನ್ನಿನಲ್ಲಿ, ಮತ್ತೆ 1984ರ ಕಂಪ್ಯೂಟರ್ ಆಟದಲ್ಲಿ, ಒಂದರಂತೆ ಇನ್ನೊಂದಿಲ್ಲದ ಹಾಗೆ ಬದಲಾಯಿಸಿದವನೂ ಅವನೇ. ಓದುಗರು ಕಾಪಾಡಿಕೊಂಡದ್ದು ಪುಸ್ತಕದ ಅಕ್ಷರವನ್ನು. ಬರೆದವನಿಗೆ ಅಕ್ಷರದ ಮೇಲೆ ಅಷ್ಟು ಮೋಹ ಇರಲಿಲ್ಲ.

2005ರ ಏಪ್ರಿಲ್ ಕೊನೆಗೆ ಚಿತ್ರ ತೆರೆಗೆ ಬಂತು. ಮಾರ್ಟಿನ್ ಫ್ರೀಮನ್ ಆರ್ಥರ್ ಆದರು. ಸದಾ ಗೋಳಾಡುವ ರೋಬೋಟಿಗೆ ಅಲನ್ ರಿಕ್‌ಮನ್ ದನಿ ಕೊಟ್ಟರು. ಕೆಲವರು ಮೆಚ್ಚಿದರು, ಕೆಲವರು ಗೊಣಗಿದರು. ಕೊನೆಯಲ್ಲಿ ಆ ಅಂತರಿಕ್ಷ ನೌಕೆ ಹಾರಿಹೋಗುವಾಗ ಕ್ಷಣಮಾತ್ರಕ್ಕೆ ಒಂದು ಮುಖವಾಗಿ ಬದಲಾಗುತ್ತದೆ. ಅದು ಡಗ್ಲಸ್ ಆಡಮ್ಸ್‌ನ ಮುಖ. ಚಿತ್ರವನ್ನು ಅವನಿಗೇ ಅರ್ಪಿಸಿದ್ದಾರೆ.

ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿ ಅವನ ಅಸ್ಥಿ ಇದೆ. ಹೋದವರು ಹೂವಿನ ಬದಲು ಪೆನ್ನುಗಳನ್ನು ಇಟ್ಟು ಬರುತ್ತಾರೆ. ನನಗೆ ಆ ಪೆನ್ನುಗಳನ್ನು ನೆನೆದಾಗಲೆಲ್ಲ, ಕೊಡುತ್ತೇನೆ ಅಂದು ಕೊಡದ ನನ್ನ ಲೇಖನಗಳು ನೆನಪಾಗುತ್ತವೆ. ಇದೊಂದನ್ನಾದರೂ ಸಂಪಾದಕರಿಗೆ ಹೊತ್ತಿಗೆ ಸರಿಯಾಗಿ ತಲುಪಿಸಿದ್ದೇನೆ.